ಆಟದ ವಿಡಿಯೊಗೆ ಕಾಪಿರೈಟ್ ನೋಟಿಸ್ ಬಂದರೆ

ಮಾರ್ಚ್ ತಿಂಗಳ ಒಂದು ಬೆಳಿಗ್ಗೆ ಅಕ್ಕನ ಮಗನ ಫೋನ್ ಬಂತು. ಸ್ವರ ನಡುಗುತ್ತಿತ್ತು. "ಮಾವ, ಕಾಪಿರೈಟ್ ಅಂತ ಮೇಲ್ ಬಂದಿದೆ. ಮೂರು ವರ್ಷ ಜೈಲು ಅಂತ ಬರೆದಿದ್ದಾರೆ. ಪೊಲೀಸರು ಮನೆಗೆ ಬರ್ತಾರಾ?"

ಅವನು ಮಾಡಿದ್ದು ಇಷ್ಟು. ಕುಂಬಳೆ ಹತ್ತಿರ ಒಂದು ಸೇವೆಯಾಟ ಇತ್ತು, ಅಂದರೆ ಹರಕೆಯ ಯಕ್ಷಗಾನ. ನಮ್ಮಲ್ಲಿ ಯಕ್ಷಗಾನಕ್ಕೆ ಆಟ ಅಂತಲೇ ಹೇಳುವುದು. ರಂಗಸ್ಥಳದ ಎದುರು ಸ್ಟ್ಯಾಂಡ್ ನಿಲ್ಲಿಸಿ, ಫೋನ್ ಸಿಕ್ಕಿಸಿ, ಇಡೀ ರಾತ್ರಿ ರೆಕಾರ್ಡ್ ಮಾಡಿದ್ದ. ಬ್ಯಾಟರಿ ಸಾಲದೆ ಪಕ್ಕದ ಚರುಮುರಿ ಅಂಗಡಿಯಿಂದ ವಯರ್ ಎಳೆದುಕೊಂಡಿದ್ದ. ಮರುದಿನ ಯೂಟ್ಯೂಬಿಗೆ ಹಾಕಿದ. ಹತ್ತು ದಿನ ಆಗುವಾಗ ಇನ್ನೊಂದು ಚಾನೆಲಿನವರು "ಇದು ನಮ್ಮ ವಿಡಿಯೊ" ಅಂತ ದೂರು ಕೊಟ್ಟರು. ವಿಡಿಯೊ ಹೋಯಿತು. ಅದರ ಬೆನ್ನಿಗೇ ಒಂದು ಮೇಲ್: ಎರಡು ದಿನದೊಳಗೆ ಹಣ ಕೊಡಿ, ಇಲ್ಲವಾದರೆ ಕ್ರಿಮಿನಲ್ ಕೇಸ್.

ಫೋನಿನಲ್ಲಿ ಹಿಂದಿನಿಂದ ಅಕ್ಕನ ಮಾತು ಕೇಳುತ್ತಿತ್ತು. "ಎಲ್ಲ ಡಿಲೀಟ್ ಮಾಡು, ಸಾಕು ಇದರ ಸಹವಾಸ." ನಾನು ಅವನಿಗೆ ಹೇಳಿದ್ದು ಒಂದೇ ಮಾತು. "ಏನನ್ನೂ ಅಳಿಸಬೇಡ."

ನಾನು ವಕೀಲರ ಗುಮಾಸ್ತನಾಗಿ ಬಹಳ ವರ್ಷ ಕೆಲಸ ಮಾಡಿದವನು. ಮೊದಲೆಲ್ಲ ಜನ ನನ್ನ ಹತ್ತಿರ ಬರುತ್ತಿದ್ದದ್ದು ಜಾಗದ ಗಡಿ, ದಾರಿ, ನೀರಿನ ತಕರಾರಿಗೆ. ಈಗ ಹುಡುಗರು ಫೋನ್ ಹಿಡಿದುಕೊಂಡು ಬರುತ್ತಾರೆ. ಕೇರಳದ ಗಡಿಯಲ್ಲಿರುವ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಮಂಜೇಶ್ವರದಿಂದ ಮುಳ್ಳೇರಿಯದ ತನಕ ಆಟ, ತಾಳಮದ್ದಳೆ, ಭಜನೆ, ಜಾತ್ರೆ ಎಲ್ಲವೂ ಅಂತರ್ಜಾಲಕ್ಕೆ ಹೋಗುತ್ತಿವೆ. ಆದ್ದರಿಂದ ಈ ವಿಷಯ ಈಗ ನಮ್ಮ ಮನೆಯ ವಿಷಯವೇ ಆಗಿದೆ. ಕಾನೂನು ಅಷ್ಟೇನೂ ಕಷ್ಟದ್ದಲ್ಲ. ಬುಡದಿಂದ ನೋಡಿಕೊಂಡು ಹೋದರೆ ಅರ್ಥವಾಗುತ್ತದೆ.

ಕಾಪಿರೈಟ್ ಯಾವುದರ ಮೇಲೆ?

ನಮ್ಮ ದೇಶದಲ್ಲಿ ಇದಕ್ಕಿರುವ ಕಾನೂನು 1957ರ ಕಾಪಿರೈಟ್ ಕಾಯ್ದೆ. 2012ರಲ್ಲಿ ಅದಕ್ಕೆ ದೊಡ್ಡ ತಿದ್ದುಪಡಿ ಆಯಿತು. ಚಂದ್ರಗಿರಿ ಹೊಳೆಯ ಆಚೆಗೂ ಈಚೆಗೂ, ತಲಪಾಡಿ ದಾಟಿ ಕರ್ನಾಟಕಕ್ಕೆ ಹೋದರೂ ಇದೇ ಕಾನೂನು.

ಇದನ್ನು ಜಾಗದ ಹಾಗೆ ಯೋಚಿಸಿ. "ಈ ತೋಟ ನನ್ನದು" ಅಂದವನು ಆಧಾರ ತೋರಿಸಬೇಕು, ಗಡಿ ಎಲ್ಲಿ ಅಂತ ಹೇಳಬೇಕು. ಕಾಪಿರೈಟಿಗೂ ಗಡಿ ಇದೆ. ಅಭಿಮನ್ಯುವಿನ ಕಥೆ ಯಾರ ಸೊತ್ತೂ ಅಲ್ಲ. ಚಕ್ರವ್ಯೂಹಕ್ಕೆ ನುಗ್ಗಿ ಸತ್ತ ಹುಡುಗನ ಬಗ್ಗೆ ಯಾರು ಬೇಕಾದರೂ ಪ್ರಸಂಗ, ಅಂದರೆ ಆಟಕ್ಕೆ ಬೇಕಾದ ಪದ್ಯಕಥೆ, ಬರೆಯಬಹುದು. ಆದರೆ ಒಬ್ಬ ಕವಿ ಆ ಕಥೆಯನ್ನು ತನ್ನ ಪದಗಳಲ್ಲಿ ಕಟ್ಟಿದರೆ, ಆ ಪದಗಳು ಅವನವು. ಕಥೆಯ ಎಳೆ ಬೇರೆ, ಅದನ್ನು ಹೇಳಿದ ರೀತಿ ಬೇರೆ. ಹಕ್ಕು ಇರುವುದು ಹೇಳಿದ ರೀತಿಯ ಮೇಲೆ ಮಾತ್ರ. ಒಂದು ನಾಟಕ ಮತ್ತು ಒಂದು ಸಿನಿಮಾದ ನಡುವಿನ ಆರ್.ಜಿ. ಆನಂದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1978ರಲ್ಲೇ ಇದನ್ನು ಸ್ಪಷ್ಟ ಮಾಡಿದೆ.

ಜಾಗಕ್ಕೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಜಾಗ ನೋಂದಣಿ ಆಗಲೇಬೇಕು. ಕಾಪಿರೈಟ್ ಹಾಗಲ್ಲ, ಬರೆದ ಅಥವಾ ರೆಕಾರ್ಡ್ ಮಾಡಿದ ಗಳಿಗೆಯಿಂದಲೇ ಇರುತ್ತದೆ. ನೋಂದಣಿ ಮಾಡಿಸಿದ್ದರೆ ಕೋರ್ಟಿನಲ್ಲಿ ಮೊದಲ ನೋಟದ ಸಾಕ್ಷಿ ಆಗುತ್ತದೆ. ಹಾಗಾಗಿ "ಅವರು ರಿಜಿಸ್ಟರ್ ಮಾಡಿಲ್ಲ, ನನಗೇನೂ ಆಗುವುದಿಲ್ಲ" ಅಂತ ಧೈರ್ಯ ತಂದುಕೊಳ್ಳಬೇಡಿ.

ಒಂದೇ ಆಟ, ಹಕ್ಕು ಹಲವು

ಗೊಂದಲ ಜಾಸ್ತಿ ಇರುವುದು ಇಲ್ಲೇ. ಒಂದು ಆಟದ ವಿಡಿಯೊದಲ್ಲಿ ಕನಿಷ್ಠ ಮೂರು ಪದರ ಇರುತ್ತದೆ.

ಮೊದಲನೆಯದು ಪ್ರಸಂಗದ ಪದಗಳು, ಅಂದರೆ ಹಾಡುಗಳು. ಕುಂಬಳೆಯ ಪಾರ್ತಿಸುಬ್ಬನ ರಾಮಾಯಣ ಪ್ರಸಂಗಗಳಾದರೆ ಯಾರ ಅನುಮತಿಯೂ ಬೇಡ, ಅವು ಎಂದೋ ಎಲ್ಲರ ಸೊತ್ತು ಆಗಿವೆ. ಹತ್ತು ವರ್ಷದ ಹಿಂದೆ ಬರೆದ ಹೊಸ ಪ್ರಸಂಗವಾದರೆ ಕವಿಯ ಹಕ್ಕು ಇದೆ.

ಎರಡನೆಯದು ಕಲಾವಿದರ ಹಕ್ಕು. ಭಾಗವತರು ಹಾಡಿದ್ದು, ಚೆಂಡೆ ಮದ್ದಳೆಯವರು ನುಡಿಸಿದ್ದು, ವೇಷಧಾರಿ ಕುಣಿದದ್ದು, ಅರ್ಥ ಹೇಳಿದ್ದು. ಪ್ರಸಂಗ ಎಷ್ಟೇ ಹಳೆಯದಾದರೂ ಇಂದಿನ ರಾತ್ರಿಯ ಪ್ರದರ್ಶನ ಇಂದಿನದ್ದೇ ಅಲ್ವಾ? ಕಾಯ್ದೆಯಲ್ಲಿ ಕಲಾವಿದ ಅಂದರೆ ಯಾರು ಅನ್ನುವ ಪಟ್ಟಿ ಓದಿದರೆ ಮನಸ್ಸಿಗೆ ಖುಷಿಯಾಗುತ್ತದೆ. ನಟ, ಗಾಯಕ, ವಾದ್ಯಗಾರ, ನರ್ತಕ ಮಾತ್ರವಲ್ಲ, ದೊಂಬರಾಟದವನೂ ಹಾವಾಡಿಗನೂ ಭಾಷಣಕಾರನೂ ಅದರಲ್ಲಿದ್ದಾರೆ. ಅವರ ಪ್ರದರ್ಶನವನ್ನು ರೆಕಾರ್ಡ್ ಮಾಡಿ ಜನರಿಗೆ ತಲುಪಿಸಲು ಅವರ ಒಪ್ಪಿಗೆ ಬೇಕು. ಈ ಹಕ್ಕು 50 ವರ್ಷ ಇರುತ್ತದೆ. ನಮ್ಮ ಸ್ವಂತ ನೋಡುವಿಕೆಗೆ, ಕಲಿಯುವುದಕ್ಕೆ ರೆಕಾರ್ಡ್ ಮಾಡಿಕೊಂಡರೆ ತಪ್ಪಲ್ಲ. ಊರಿಗೆಲ್ಲ ಹಂಚುವುದು ಬೇರೆ ಮಾತು.

ಮೂರನೆಯದು ರೆಕಾರ್ಡಿಂಗಿನ ಮೇಲಿನ ಹಕ್ಕು. ವಿಡಿಯೊ ಮಾಡುವ ಹೊಣೆ ಹೊತ್ತವನದು ಅದು. ದುಡ್ಡು ಕೊಟ್ಟು ವಿಡಿಯೊ ಮಾಡಿಸಿದರೆ, ಬೇರೆ ಮಾತುಕತೆ ಇಲ್ಲದಿದ್ದಲ್ಲಿ, ಮಾಡಿಸಿದವರೇ ಅದರ ಮೊದಲ ಒಡೆಯರು. ಮದುವೆಯ ವಿಡಿಯೊಗೂ ಇದೇ ನಿಯಮ. ಆಟ ಆಡಿಸಿದ ಮನೆಯವರೇ ವಿಡಿಯೊದವರಿಗೆ ಹಣ ಕೊಟ್ಟಿದ್ದರೆ, ವಿಡಿಯೊದವರು "ನನ್ನದು" ಅಂತ ಹಠ ಹಿಡಿಯುವ ಹಾಗಿಲ್ಲ.

ಒಂದೇ ಆಟವನ್ನು ಇಬ್ಬರು ಬೇರೆ ಬೇರೆ ಫೋನಿನಲ್ಲಿ ಹಿಡಿದರೆ ಅವು ಎರಡು ಬೇರೆ ರೆಕಾರ್ಡಿಂಗ್. ಅದೇ ವೇಷ, ಅದೇ ಪದ, ಅದೇ ರಂಗಸ್ಥಳ ಕಂಡರೂ ಒಂದು ಇನ್ನೊಂದರ ನಕಲು ಅಲ್ಲ. ನನ್ನ ಅಳಿಯನ ತಕರಾರು ನಿಂತದ್ದು ಈ ಒಂದು ಮಾತಿನ ಮೇಲೆ.

ಎಷ್ಟು ವರ್ಷ?

ಸಾಹಿತ್ಯವಾದರೆ ಲೇಖಕ ಬದುಕಿರುವಷ್ಟು ದಿನ, ಅವರು ತೀರಿಕೊಂಡ ಮೇಲೆ 60 ವರ್ಷ. ಈ 60 ವರ್ಷವನ್ನು ಲೆಕ್ಕ ಹಾಕುವುದು ತೀರಿಕೊಂಡ ಮರುವರ್ಷದ ಜನವರಿ 1ರಿಂದ.

ನಮ್ಮ ಜಿಲ್ಲೆಯ ಇಬ್ಬರು ಕವಿಗಳನ್ನೇ ನೋಡಿ. ಮಂಜೇಶ್ವರದ ಗೋವಿಂದ ಪೈಗಳು ತೀರಿಕೊಂಡದ್ದು 1963ರಲ್ಲಿ. ಲೆಕ್ಕ 1964ರಿಂದ ಶುರು, 2023ರ ಡಿಸೆಂಬರ್ 31ಕ್ಕೆ ಮುಗಿಯಿತು. ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳನ್ನು ಈಗ ಯಾರೂ ಹಾಡಬಹುದು, ಅಚ್ಚು ಹಾಕಬಹುದು, ವಿಡಿಯೊ ಮಾಡಬಹುದು. ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬಾಳಿ 2015ರಲ್ಲಿ ತೀರಿಕೊಂಡರು. ಅವರ ಕವಿತೆಗಳ ಹಕ್ಕು 2075ರ ಕೊನೆಯ ತನಕ ಇರುತ್ತದೆ. ಶಾಲೆಯ ಪುಸ್ತಕದಲ್ಲಿ ಓದಿ ಬಾಯಿಪಾಠ ಬಂದಿದೆ ಅನ್ನುವುದು ಅನುಮತಿ ಆಗುವುದಿಲ್ಲ.

ಸಿನಿಮಾ ಮತ್ತು ಧ್ವನಿಮುದ್ರಣಕ್ಕೆ ಪ್ರಕಟವಾದ ಮರುವರ್ಷದಿಂದ 60 ವರ್ಷ. ಇಲ್ಲೊಂದು ಸೂಕ್ಷ್ಮ ಇದೆ. ಗೋವಿಂದ ಪೈಗಳ ಕವಿತೆ ಮುಕ್ತ. ಆದರೆ ಅದನ್ನು ಒಂದು ಕ್ಯಾಸೆಟ್ ಕಂಪೆನಿ 1995ರಲ್ಲಿ ಹಾಡಿಸಿ ತಂದಿದ್ದರೆ ಆ ಧ್ವನಿಮುದ್ರಣ ಮುಕ್ತವಲ್ಲ. ಕವಿತೆಯನ್ನು ನೀವೇ ಹಾಡಿ, ತೊಂದರೆ ಇಲ್ಲ. ಆ ಕ್ಯಾಸೆಟ್ಟಿನ ಹಾಡನ್ನೇ ಹಾಕಿದರೆ ತೊಂದರೆ.

ಬಂದದ್ದು ಯಾವ ನೋಟಿಸ್?

"ಕಾಪಿರೈಟ್ ಬಂತು" ಅಂತ ಎಲ್ಲರೂ ಒಂದೇ ಮಾತಿನಲ್ಲಿ ಹೇಳುತ್ತಾರೆ. ಬರುವುದು ಮಾತ್ರ ಬೇರೆ ಬೇರೆ.

ತೀರಾ ಸಾಮಾನ್ಯವಾದದ್ದು ಕಂಟೆಂಟ್ ಐಡಿ ಕ್ಲೇಮ್. ಇದನ್ನು ಮಾಡುವುದು ಯಂತ್ರ. ಕಂಪೆನಿಗಳು ತಮ್ಮ ಹಾಡುಗಳ ಗುರುತನ್ನು ಯೂಟ್ಯೂಬಿಗೆ ಕೊಟ್ಟಿರುತ್ತವೆ. ನಿಮ್ಮ ವಿಡಿಯೊದಲ್ಲಿ ಅದೇ ಧ್ವನಿ ಸಿಕ್ಕರೆ ಯಂತ್ರ ಗುರುತು ಹಾಕುತ್ತದೆ. ಹೆಚ್ಚಾಗಿ ಜಾಹೀರಾತಿನ ಹಣ ಅವರಿಗೆ ಹೋಗುತ್ತದೆ, ಅಷ್ಟೇ. ಇದು ಸ್ಟ್ರೈಕ್ ಅಲ್ಲ. ನಿಮಗೆ ಅನುಮತಿ ಇದೆಯೋ, 60 ವರ್ಷ ಕಳೆದಿದೆಯೋ ಅನ್ನುವುದು ಯಂತ್ರಕ್ಕೆ ತಿಳಿಯುವುದಿಲ್ಲ. ಆದ್ದರಿಂದಲೇ ತಕರಾರು ಹಾಕುವ ಅವಕಾಶ ಇದೆ. ಹಾಕಿದರೆ ಎದುರಿನವರು 30 ದಿನದೊಳಗೆ ಉತ್ತರ ಕೊಡಬೇಕು.

ಸ್ಟ್ರೈಕ್ ಅದಕ್ಕಿಂತ ಗಂಭೀರ. ಒಬ್ಬರು ಕಾನೂನಿನ ಪ್ರಕಾರ ದೂರು ಬರೆದು ಕೊಟ್ಟು ವಿಡಿಯೊ ತೆಗೆಸಿದ್ದಾರೆ ಅಂತ ಅದರ ಅರ್ಥ. 90 ದಿನದೊಳಗೆ ಮೂರು ಸ್ಟ್ರೈಕ್ ಬಂದರೆ ಚಾನೆಲೇ ಹೋಗಬಹುದು. ನಿಮ್ಮದು ತಪ್ಪಿಲ್ಲವಾದರೆ ಪ್ರತಿ ನೋಟಿಸ್, ಅಂದರೆ ಆ ದೂರಿಗೆ ಎದುರು ನೋಟಿಸ್, ಕೊಡಬಹುದು. ಕೊಟ್ಟ ಮೇಲೆ ದೂರು ಕೊಟ್ಟವರು ಅಮೆರಿಕದ ಲೆಕ್ಕದ 10 ಕೆಲಸದ ದಿನಗಳೊಳಗೆ ಕೋರ್ಟಿಗೆ ಹೋದದ್ದಕ್ಕೆ ದಾಖಲೆ ತೋರಿಸಬೇಕು. ಇಲ್ಲವಾದರೆ ವಿಡಿಯೊ ವಾಪಸ್ ಬರುತ್ತದೆ. ಒಂದು ಎಚ್ಚರಿಕೆ ಇದೆ. ಪ್ರತಿ ನೋಟಿಸಿನಲ್ಲಿ ನಿಮ್ಮ ನಿಜವಾದ ಹೆಸರು, ವಿಳಾಸ ಇರಬೇಕು, ಅದು ಎದುರಿನವರಿಗೆ ಹೋಗುತ್ತದೆ. ಸುಳ್ಳು ಬರೆದರೆ ನಿಮ್ಮ ಮೇಲೆಯೇ ಹೊಣೆ ಬರುತ್ತದೆ.

ನಮ್ಮ ದೇಶದ ನಿಯಮವೂ ಹೆಚ್ಚು ಕಡಿಮೆ ಇದೇ ದಾರಿಯದ್ದು. 2013ರ ಕಾಪಿರೈಟ್ ನಿಯಮಗಳ 75ನೇ ನಿಯಮದಂತೆ ಲಿಖಿತ ದೂರು ಸಿಕ್ಕಿ, ಅದು ಸರಿ ಅಂತ ಕಂಡರೆ ಜಾಲತಾಣ 36 ಗಂಟೆಯೊಳಗೆ ಅದನ್ನು ತಡೆಹಿಡಿಯಬೇಕು. 21 ದಿನದೊಳಗೆ ಕೋರ್ಟಿನ ಆದೇಶ ಬಾರದಿದ್ದರೆ ಮತ್ತೆ ತೋರಿಸಬಹುದು. ದೂರಿನಲ್ಲಿ ಕೃತಿ ಯಾವುದು, ಅದು ತನ್ನದು ಅನ್ನಲು ಆಧಾರ ಏನು, ನಕಲು ಎಲ್ಲಿದೆ, ವಿನಾಯಿತಿ ಯಾಕೆ ಅನ್ವಯಿಸುವುದಿಲ್ಲ ಅನ್ನುವುದೆಲ್ಲ ಇರಬೇಕು. ನಿಮಗೆ ಬಂದ ಯಾವ ಪತ್ರವನ್ನೇ ಆದರೂ ಈ ಪ್ರಶ್ನೆಗಳನ್ನು ಎದುರಿಟ್ಟುಕೊಂಡು ಓದಿ. ಉತ್ತರ ಇಲ್ಲದ ಪತ್ರದಲ್ಲಿ ಬೆದರಿಕೆ ಜಾಸ್ತಿ, ವಿಷಯ ಕಡಿಮೆ ಇರುತ್ತದೆ.

ಇನ್ನು ಶುದ್ಧ ಮೋಸದ ಮೇಲ್‌ಗಳಿವೆ. "ನಿಮ್ಮ ಪೇಜ್ ಕಾಪಿರೈಟ್ ಮುರಿದಿದೆ, 24 ಗಂಟೆಯೊಳಗೆ ಇಲ್ಲಿ ಒತ್ತಿ" ಅಂತ ಬರುತ್ತದೆ. ಒತ್ತಿದರೆ ಪಾಸ್‌ವರ್ಡ್ ಹೋಗುತ್ತದೆ. ನಿಜವಾದ ಸ್ಟ್ರೈಕ್ ಆಗಿದ್ದರೆ ಚಾನೆಲ್ ನೋಡಿಕೊಳ್ಳುವ ಯೂಟ್ಯೂಬ್ ಸ್ಟುಡಿಯೊ ಒಳಗೆ ಕಾಣಲೇಬೇಕು. ಮೇಲ್‌ನಲ್ಲಿರುವ ಲಿಂಕ್ ಮುಟ್ಟದೆ, ನೀವೇ ಸ್ಟುಡಿಯೊ ತೆರೆದು ನೋಡಿ. ಮೋಸಕ್ಕೆ ಸಿಕ್ಕಿ ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಜೈಲಿನ ಮಾತು ನಿಜವೇ?

ನಿಜ, ಆದರೆ ಪೂರ್ತಿ ಓದಬೇಕು. ಕಾಪಿರೈಟ್ ಕಾಯ್ದೆಯ 63ನೇ ಸೆಕ್ಷನ್ ಪ್ರಕಾರ ಗೊತ್ತಿದ್ದೂ ಹಕ್ಕು ಮುರಿದರೆ 6 ತಿಂಗಳಿಂದ 3 ವರ್ಷದ ತನಕ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿಯ ತನಕ ದಂಡ. ವ್ಯಾಪಾರದ ಲಾಭಕ್ಕಾಗಿ ಮಾಡಿದ್ದಲ್ಲವಾದರೆ ಕೋರ್ಟ್ ಕಾರಣ ಬರೆದು ಶಿಕ್ಷೆ ಕಡಿಮೆ ಮಾಡಬಹುದು. ಪೊಲೀಸರು ನೇರವಾಗಿ ಕೇಸ್ ದಾಖಲಿಸಬಹುದಾದ, ಜಾಮೀನು ಹಕ್ಕಾಗಿ ಸಿಗದ ಅಪರಾಧ ಇದು ಅಂತ ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ನಿಟ್ ಪ್ರೊ ಪ್ರಕರಣದಲ್ಲಿ ಹೇಳಿದೆ. ಎಸ್‌ಐ ದರ್ಜೆಯ ಪೊಲೀಸ್ ಅಧಿಕಾರಿ ವಾರಂಟ್ ಇಲ್ಲದೆ ನಕಲು ಪ್ರತಿಗಳನ್ನು ವಶಪಡಿಸಿಕೊಳ್ಳಬಹುದು.

ಹಾಗಂತ ಕೇಸ್ ಆದ ಕೂಡಲೇ ಕೈಕೋಳ ಅಂತ ಅಲ್ಲ. 7 ವರ್ಷದೊಳಗಿನ ಶಿಕ್ಷೆಯ ಅಪರಾಧಗಳಲ್ಲಿ ಸುಮ್ನೆ ಬಂಧಿಸಬಾರದು ಅಂತ 2014ರ ಅರ್ನೇಶ್ ಕುಮಾರ್ ತೀರ್ಪು ಹೇಳುತ್ತದೆ. ಬಂಧನ ಬೇಡ ಅಂತ ಕಂಡಲ್ಲಿ ಠಾಣೆಗೆ ಹಾಜರಾಗಲು ನೋಟಿಸ್ ಕೊಡಬೇಕು. ಅದು ಬಂದರೆ ತಪ್ಪಿಸಿಕೊಳ್ಳದೆ ಹೋಗಿ. ನಮ್ಮಲ್ಲಿ ಅಂಥ ಕಾಗದ ಮಲಯಾಳದಲ್ಲಿ ಇರುವುದುಂಟು. ಓದಲು ಬಾರದಿದ್ದರೆ ಗೊತ್ತಿದ್ದವರಿಂದ ಪೂರ್ತಿ ಓದಿಸಿಕೊಳ್ಳಿ, ಅರ್ಥವಾಗದೆ ಯಾವುದಕ್ಕೂ ಸಹಿ ಹಾಕಬೇಡಿ.

63ನೇ ಸೆಕ್ಷನ್‌ನಲ್ಲಿ ಎಲ್ಲಕ್ಕಿಂತ ತೂಕದ ಮಾತು "ಗೊತ್ತಿದ್ದೂ" ಅನ್ನುವುದು. ಗೊತ್ತಿತ್ತು ಅನ್ನುವುದನ್ನು ಆರೋಪ ಮಾಡಿದವರು ತೋರಿಸಬೇಕು. ನೋಟಿಸ್ ಬಂದ ಮೇಲೆ ಪರಿಸ್ಥಿತಿ ಬದಲಾಗುತ್ತದೆ. ಅಂದಿನ ತನಕ "ಗೊತ್ತಿರಲಿಲ್ಲ" ಅನ್ನಬಹುದಿತ್ತು. ನೋಟಿಸ್ ಓದಿ, ಅದು ಸರಿ ಅಂತ ತಿಳಿದೂ ವಿಡಿಯೊವನ್ನು ಹಾಗೇ ಬಿಟ್ಟರೆ, ಆ ನೋಟಿಸೇ ನಿಮ್ಮ ವಿರುದ್ಧದ ಸಾಕ್ಷಿ. ಆದ್ದರಿಂದ ತಪ್ಪು ನಿಮ್ಮದಾಗಿದ್ದರೆ ಕೂಡಲೇ ಸಾರ್ವಜನಿಕರಿಗೆ ಕಾಣದ ಹಾಗೆ ಮಾಡಿ. ಮೂಲ ಕಡತ ಮಾತ್ರ ನಿಮ್ಮ ಹತ್ತಿರ ಇರಲಿ.

ಕ್ರಿಮಿನಲ್ ಅಲ್ಲದೆ ಸಿವಿಲ್ ದಾವೆಯೂ ಇದೆ. ಅದರಲ್ಲಿ ತಡೆಯಾಜ್ಞೆ, ನಷ್ಟ ಪರಿಹಾರ, ಬಂದ ಲಾಭದ ಲೆಕ್ಕ ಕೇಳಬಹುದು. ಹಕ್ಕುದಾರರು ತಾವಿರುವ ಊರಿನ ಜಿಲ್ಲಾ ಕೋರ್ಟಿನಲ್ಲೇ ದಾವೆ ಹಾಕಲು 62ನೇ ಸೆಕ್ಷನ್ ದಾರಿ ಕೊಡುತ್ತದೆ. ಬದಿಯಡ್ಕದ ಹುಡುಗ ಮಂಗಳೂರಿನ ಕೋರ್ಟಿಗೆ ಅಲೆಯಬೇಕಾಗಿ ಬರಬಹುದು. ಗಡಿಯಲ್ಲಿರುವ ನಾವು ಇದನ್ನು ನೆನಪಿಟ್ಟುಕೊಳ್ಳಬೇಕು.

ಇದರ ಇನ್ನೊಂದು ಮಗ್ಗುಲು 60ನೇ ಸೆಕ್ಷನ್. ಆಧಾರವಿಲ್ಲದೆ ಕಾಪಿರೈಟ್ ಹೆಸರಿನಲ್ಲಿ ಬೆದರಿಸಿದರೆ, ಬೆದರಿಕೆಗೆ ಒಳಗಾದವರೇ ಕೋರ್ಟಿಗೆ ಹೋಗಿ ಅದನ್ನು ನಿಲ್ಲಿಸಬಹುದು, ನಷ್ಟವನ್ನೂ ಕೇಳಬಹುದು. ಬೆದರಿಸಿದವರು ತಡಮಾಡದೆ ನಿಜವಾಗಿಯೂ ದಾವೆ ಹೂಡಿ ನಡೆಸಿದರೆ ಮಾತ್ರ ಇದು ಅನ್ವಯಿಸುವುದಿಲ್ಲ. "ಎರಡು ದಿನದಲ್ಲಿ ಹಣ ಕೊಡು" ಅನ್ನುವವರಿಗೆ ಈ ಸೆಕ್ಷನ್ ಗೊತ್ತಿರಬೇಕು.

ಯಾರು ಮಾಡಿದ್ದು ಅಂತ ತಿಳಿಯುವುದು ಹೇಗೆ?

ಆರೋಪ ಮಾಡಿದವರು ಮೂರು ವಿಷಯ ತೋರಿಸಬೇಕು. ಕೃತಿ ತಮ್ಮದು, ಅದು ನಕಲಾಗಿದೆ, ನಕಲು ಮಾಡಿದ್ದು ಇವರೇ. ನಿಮ್ಮ ಹೆಸರಿನ ಚಾನೆಲಿನಲ್ಲಿ ಹಾಕಿದ್ದರೆ ಮೂರನೆಯದು ಸುಲಭ. ಸಿನಿಮಾ ಇಳಿಸಿಕೊಂಡ ಆರೋಪಗಳಲ್ಲಿ ಸುಲಭವಲ್ಲ. ಅಲ್ಲಿ ಇರುವುದು ಹೆಚ್ಚಾಗಿ ಒಂದು ಐಪಿ ವಿಳಾಸ ಮಾತ್ರ.

ಐಪಿ ವಿಳಾಸ ಅಂದರೆ ಅಂತರ್ಜಾಲದಲ್ಲಿ ಒಂದು ಸಂಪರ್ಕಕ್ಕೆ ಸಿಗುವ ನಂಬರ್. ಮೊದಲು ಪ್ರತಿ ಪೇಟೆಯಲ್ಲೂ ಎಸ್‌ಟಿಡಿ ಬೂತ್ ಇತ್ತಲ್ವಾ? ಅಲ್ಲಿಂದ ಯಾರೋ ಬೆದರಿಕೆ ಕರೆ ಮಾಡಿದರೆ ದಾಖಲೆಯಲ್ಲಿ ಸಿಗುವುದು ಬೂತಿನ ನಂಬರ್. ಒಳಗೆ ನಿಂತು ಮಾತಾಡಿದ್ದು ಯಾರು ಅಂತ ಆ ನಂಬರ್ ಹೇಳುವುದಿಲ್ಲ. ಐಪಿ ವಿಳಾಸವೂ ಹಾಗೇ. ಮನೆಯ ವೈಫೈ ಅಣ್ಣನ ಹೆಸರಿನಲ್ಲಿರುತ್ತದೆ. ತಮ್ಮ, ನೆಂಟರ ಮಕ್ಕಳು, ಪಕ್ಕದ ಮನೆಯವರು ಎಲ್ಲರೂ ಬಳಸುತ್ತಾರೆ. ಸರಕಾರಿ ಅರ್ಜಿ ಹಾಕಿಕೊಡುವ ಅಕ್ಷಯ ಕೇಂದ್ರ, ಲೈಬ್ರರಿ, ಹೋಟೆಲ್ ಆದರೆ ಕೇಳುವುದೇ ಬೇಡ.

ಮೊಬೈಲ್ ಇಂಟರ್ನೆಟ್‌ನಲ್ಲಿ ಇದು ಇನ್ನೂ ಸಿಕ್ಕು. ವಿಳಾಸಗಳು ಸಾಲದೆ ಕಂಪೆನಿಗಳು ಒಂದೇ ಸಾರ್ವಜನಿಕ ವಿಳಾಸವನ್ನು ಏಕಕಾಲಕ್ಕೆ ಅನೇಕ ಗ್ರಾಹಕರಿಗೆ ಹಂಚುತ್ತವೆ. ಆಗ ವಿಳಾಸ ಮಾತ್ರ ಸಾಲುವುದಿಲ್ಲ, ಪೋರ್ಟ್ ನಂಬರ್ ಬೇಕು, ಸೆಕೆಂಡಿನ ಲೆಕ್ಕದಲ್ಲಿ ಸಮಯ ಬೇಕು. ಸಮಯದಲ್ಲೂ ಎಡವಟ್ಟು ಆಗಬಹುದು. ಕಂಪ್ಯೂಟರಿನ ದಾಖಲೆಗಳು ಎಷ್ಟೋ ಸಲ ಯುಟಿಸಿ ಅನ್ನುವ ಜಾಗತಿಕ ಸಮಯದಲ್ಲಿ ಇರುತ್ತವೆ. ಅದು ನಮ್ಮ ಗಡಿಯಾರಕ್ಕಿಂತ ಐದೂವರೆ ಗಂಟೆ ಹಿಂದೆ. ದಾಖಲೆಯಲ್ಲಿ 20:00 ಅಂತಿದ್ದರೆ ನಮ್ಮಲ್ಲಿ ಆಗ ಮರುದಿನದ ನಡುರಾತ್ರಿ 1:30. ಇದನ್ನು ಗಮನಿಸದೆ ಲೆಕ್ಕ ಹಾಕಿದರೆ, ಆ ವಿಳಾಸ ಅಷ್ಟು ಹೊತ್ತಿಗೆ ಬೇರೊಬ್ಬರ ಕೈಯಲ್ಲಿ ಇದ್ದಿರಬಹುದು.

ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಅಪೀಲು ಕೋರ್ಟ್ 2018ರಲ್ಲಿ ಇಂಥದ್ದೇ ಪ್ರಕರಣ ನೋಡಿತು. ಇಂಟರ್ನೆಟ್ ಸಂಪರ್ಕ ಒಂದು ಆರೈಕೆ ಮನೆ ನಡೆಸುವವರ ಹೆಸರಿನಲ್ಲಿತ್ತು. ಅಲ್ಲಿ ಇದ್ದವರೂ ಬಂದುಹೋಗುವವರೂ ಅದನ್ನು ಬಳಸುತ್ತಿದ್ದರು. ಸಂಪರ್ಕ ಯಾರ ಹೆಸರಿನಲ್ಲಿದೆ ಅನ್ನುವ ಒಂದೇ ಕಾರಣಕ್ಕೆ ಅವರೇ ನಕಲು ಮಾಡಿದವರು ಅನ್ನಲಾಗದು ಅಂತ ಕೋರ್ಟ್ ಹೇಳಿತು. ಅಲ್ಲಿಯ ತೀರ್ಪು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲ. ಅದರ ಹಿಂದಿನ ಯೋಚನೆ ಮಾತ್ರ ಎಲ್ಲ ಕಡೆಗೂ ಹೊಂದುತ್ತದೆ. ಆದರೆ ಐಪಿ ವಿಳಾಸದ ಜೊತೆಗೆ ನಿಮ್ಮ ಕಂಪ್ಯೂಟರಿನಲ್ಲೇ ಆ ಕಡತ ಸಿಕ್ಕರೆ, ನಿಮ್ಮದೇ ಚಾಟ್‌ನಲ್ಲಿ ಅದರ ಮಾತು ಇದ್ದರೆ, ಬೂತಿನ ಒಳಗೆ ನೀವೇ ನಿಂತದ್ದನ್ನು ಕಂಡ ಹಾಗೆ.

ಸಿನಿಮಾ ಇಳಿಸಿಕೊಳ್ಳಲು ಬಳಸುವ ಟೊರೆಂಟ್ ಬಗ್ಗೆ ಒಂದು ಮಾತು ಹೇಳಲೇಬೇಕು. "ನಾನು ಇಳಿಸಿಕೊಂಡದ್ದು ಮಾತ್ರ, ಹಂಚಲಿಲ್ಲ" ಅಂತ ಹುಡುಗರು ಹೇಳುತ್ತಾರೆ. ಟೊರೆಂಟ್ ಕೆಲಸ ಮಾಡುವುದೇ ಹಂಚಿಕೊಂಡು. ನಿಮಗೆ ಒಂದೊಂದು ತುಂಡು ಬಂದ ಹಾಗೆ, ಆ ತುಂಡು ನಿಮ್ಮಿಂದ ಬೇರೆಯವರಿಗೆ ಹೋಗುತ್ತಿರುತ್ತದೆ. ನಿಮ್ಮ ವಿಳಾಸ ಆ ಗುಂಪಿನಲ್ಲಿರುವ ಎಲ್ಲರಿಗೂ ಕಾಣುತ್ತದೆ. ಆ ಗುಂಪಿನಲ್ಲಿ ಕಂಪೆನಿಯ ಪರವಾಗಿ ವಿಳಾಸ ಬರೆದುಕೊಳ್ಳುವವರೂ ಇರಬಹುದು. ಇಲ್ಲಿಂದ ಓದಲು, ನರ್ಸಿಂಗ್ ಕೆಲಸಕ್ಕೆ ಜರ್ಮನಿಗೆ ಹೋದವರು ಇದನ್ನು ಚೆನ್ನಾಗಿ ತಿಳಿದಿರಬೇಕು. ಅಲ್ಲಿ ವಕೀಲರ ಎಚ್ಚರಿಕೆ ಪತ್ರ ಬರುತ್ತದೆ, ಅದಕ್ಕೆ ಆಬ್ಮಾನುಂಗ್ ಅನ್ನುತ್ತಾರೆ. ಹಣದ ಜೊತೆಗೆ, ಮುಂದೆ ಹೀಗೆ ಮಾಡುವುದಿಲ್ಲ ಅನ್ನುವ ಮುಚ್ಚಳಿಕೆಗೂ ಸಹಿ ಕೇಳುತ್ತಾರೆ. ಆ ಮುಚ್ಚಳಿಕೆ ಬಹುಕಾಲ ಕಟ್ಟಿಹಾಕುವಂಥದ್ದು, ಮುರಿದರೆ ದಂಡ. ಪತ್ರದೊಳಗಿನ ಮಾದರಿಗೆ ಹಾಗೇ ಸಹಿ ಹಾಕುವ ಮೊದಲು ಅಲ್ಲಿಯ ವಕೀಲರಿಗೆ ತೋರಿಸಿ. ಗಡುವು ಮಾತ್ರ ದಾಟಿಸಬೇಡಿ.

ಸ್ಕ್ರೀನ್‌ಶಾಟ್ ಸಾಕೇ?

ಡಿಜಿಟಲ್ ಸಾಕ್ಷಿಯ ದೊಡ್ಡ ಕಷ್ಟ ಅಂದರೆ ಅದನ್ನು ತಿದ್ದುವುದು ಸುಲಭ. ಅದಕ್ಕೇ ಕಾನೂನು ಒಂದು ಪ್ರಮಾಣಪತ್ರ ಕೇಳುತ್ತದೆ. ಹಳೆಯ ಸಾಕ್ಷ್ಯ ಕಾಯ್ದೆಯಲ್ಲಿ ಅದು 65ಬಿ ಸೆಕ್ಷನ್. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿ 63ನೇ ಸೆಕ್ಷನ್. ಕಾಪಿರೈಟ್ ಕಾಯ್ದೆಯ 63ರ ಜೊತೆ ಇದನ್ನು ಬೆರೆಸಬೇಡಿ, ಎರಡೂ ಬೇರೆ.

ಈ ಪ್ರಮಾಣಪತ್ರದ ತೂಕ ಎಷ್ಟು ಅಂತ ದೇಶಕ್ಕೆ ತಿಳಿಸಿದ್ದು ಕೇರಳದ್ದೇ ಒಂದು ಚುನಾವಣಾ ತಕರಾರು. ಅನ್ವರ್ ಮತ್ತು ಬಷೀರ್ ನಡುವಿನ ಆ ಪ್ರಕರಣದಲ್ಲಿ ಪ್ರಚಾರದ ಹಾಡು, ಭಾಷಣಗಳನ್ನು ಸಿಡಿಗೆ ಹಾಕಿ ಸಾಕ್ಷಿಯಾಗಿ ಕೊಟ್ಟಿದ್ದರು. ಪ್ರಮಾಣಪತ್ರ ಇರಲಿಲ್ಲ. 2014ರಲ್ಲಿ ಸುಪ್ರೀಂ ಕೋರ್ಟ್ ಆ ಸಿಡಿಗಳನ್ನು ಸಾಕ್ಷಿಯಾಗಿ ಒಪ್ಪಲಿಲ್ಲ. 2020ರಲ್ಲಿ ಮಹಾರಾಷ್ಟ್ರದ ಅರ್ಜುನ್ ಪಂಡಿತ್‌ರಾವ್ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಎತ್ತಿಹಿಡಿಯಿತು. ಮೂಲ ಸಾಧನವನ್ನೇ ಅದರ ಒಡೆಯ ಕೋರ್ಟಿಗೆ ತಂದು ಸಾಕ್ಷಿ ಹೇಳಿದರೆ ಮಾತು ಬೇರೆ ಅಂತಲೂ ಹೇಳಿತು.

ಹೊಸ ಪ್ರಮಾಣಪತ್ರ ಎರಡು ಭಾಗದ್ದು. ಒಂದನ್ನು ಸಾಕ್ಷಿ ಕೊಡುವವರು ತುಂಬಬೇಕು, ಇನ್ನೊಂದನ್ನು ತಜ್ಞರು. ಸಾಧನದ ಕಂಪೆನಿ, ಮಾಡೆಲ್, ಸೀರಿಯಲ್ ನಂಬರ್, ಫೋನಿನ ಗುರುತಿನ ನಂಬರ್ ಆದ ಐಎಂಇಐ ಎಲ್ಲ ಬರೆಯಬೇಕು. ಫೋನಿನ ಬಣ್ಣ ಬರೆಯಲೂ ಅದರಲ್ಲಿ ಜಾಗ ಇದೆ. ಜೊತೆಗೆ ಕಡತದ ಹ್ಯಾಶ್ ಬೇಕು.

ಹ್ಯಾಶ್ ಅಂದರೆ ಕಡತದ ಹೆಬ್ಬೆಟ್ಟಿನ ಗುರುತು. ಒಂದು ಲೆಕ್ಕದ ಸೂತ್ರಕ್ಕೆ ಇಡೀ ಕಡತವನ್ನು ಕೊಟ್ಟರೆ ಅದು ಅಕ್ಷರ ಮತ್ತು ಅಂಕಿಗಳ ಒಂದು ಸಾಲು ಕೊಡುತ್ತದೆ. ಎಸ್‌ಎಚ್‌ಎ-256 ಅನ್ನುವ ಸೂತ್ರದಲ್ಲಿ 64 ಅಕ್ಷರದ ಸಾಲು. ಆರು ಗಂಟೆಯ ವಿಡಿಯೊದಲ್ಲಿ ಒಂದು ಸೆಕೆಂಡ್ ಕತ್ತರಿಸಿದರೂ ಇಡೀ ಸಾಲು ಬದಲಾಗುತ್ತದೆ. ಇಂದು ತೆಗೆದ ಹ್ಯಾಶ್ ಮತ್ತು ಎರಡು ವರ್ಷದ ನಂತರ ಕೋರ್ಟಿನಲ್ಲಿ ತೆಗೆದ ಹ್ಯಾಶ್ ಒಂದೇ ಆದರೆ, ಮಧ್ಯೆ ಯಾರೂ ಕೈ ಹಾಕಿಲ್ಲ ಅಂತ ನಂಬಬಹುದು.

ಇದರಿಂದ ನಮಗೆ ತಿಳಿಯುವ ಪಾಠ ಒಂದಿದೆ. ವಾಟ್ಸಾಪಿನಲ್ಲಿ ವಿಡಿಯೊ ಆಗಿ ಕಳಿಸಿದರೆ ಅದು ಕುಗ್ಗುತ್ತದೆ, ಹ್ಯಾಶ್ ಬದಲಾಗುತ್ತದೆ, ಯಾವಾಗ ಯಾವ ಫೋನಿನಲ್ಲಿ ತೆಗೆದದ್ದು ಅನ್ನುವ ಒಳಗಿನ ವಿವರವೂ ಹೋಗುತ್ತದೆ. "ಗ್ರೂಪಿನಲ್ಲಿ ಇದೆಯಲ್ಲ" ಅಂತ ಫೋನಿನಿಂದ ಮೂಲ ಅಳಿಸಿದರೆ ಆಧಾರ ಪತ್ರ ಸುಟ್ಟು ಜೆರಾಕ್ಸ್ ಇಟ್ಟುಕೊಂಡ ಹಾಗೆ. ಮೂಲ ಕಡತವನ್ನು ವಯರ್ ಹಾಕಿ ಹಾರ್ಡ್ ಡಿಸ್ಕ್‌ಗೆ ನಕಲು ಮಾಡಿ, ಫೋನಿನಲ್ಲೂ ಇರಲಿ. ಇನ್ನೊಬ್ಬರ ವಿಡಿಯೊವನ್ನು ದಾಖಲಿಸುವಾಗಲೂ ಬರೀ ಚಿತ್ರದ ತುಂಡು ಸಾಲುವುದಿಲ್ಲ. ಪೂರ್ತಿ ಲಿಂಕ್, ಚಾನೆಲ್ ಹೆಸರು, ಹಾಕಿದ ದಿನ, ನೀವು ನೋಡಿದ ದಿನ ಮತ್ತು ಸಮಯ ಎಲ್ಲ ಇರಬೇಕು.

ಕೇಳದೆ ಬಳಸಬಹುದಾದ್ದು

52ನೇ ಸೆಕ್ಷನ್‌ನಲ್ಲಿ ವಿನಾಯಿತಿಗಳ ಉದ್ದದ ಪಟ್ಟಿ ಇದೆ. ಸ್ವಂತ ಬಳಕೆ, ಸಂಶೋಧನೆ, ವಿಮರ್ಶೆ, ಸುದ್ದಿ ವರದಿಗೆ ನ್ಯಾಯವಾದ ಮಟ್ಟಿಗೆ ಬಳಸಬಹುದು. ಹವ್ಯಾಸಿ ಸಂಘದವರು ಟಿಕೆಟ್ ಇಲ್ಲದೆ, ಅಥವಾ ದೇವಸ್ಥಾನದಂಥ ಧಾರ್ಮಿಕ ಸಂಸ್ಥೆಯ ನೆರವಿಗೆ ಆಡಿದರೆ ವಿನಾಯಿತಿ ಇದೆ. ನಿಜವಾದ ಧಾರ್ಮಿಕ ಆಚರಣೆಯಲ್ಲಿ, ಮದುವೆಯ ದಿಬ್ಬಣದಲ್ಲಿ ಹಾಡು ಹಾಕಿದರೂ ತಪ್ಪಲ್ಲ. ಗಮನಿಸಿ, ಇವು ಆ ಜಾಗದಲ್ಲಿ ನಡೆಯುವ ಪ್ರದರ್ಶನದ ಮಾತು. ಆಮೇಲೆ ವಿಡಿಯೊ ಮಾಡಿ ಜಗತ್ತಿಗೆ ಹಾಕಿ ಹಣ ಗಳಿಸುವುದಕ್ಕೆ ಇವು ತಾನಾಗಿ ರಕ್ಷಣೆ ಕೊಡುವುದಿಲ್ಲ.

ಯಕ್ಷಗಾನವೇ ಸುಪ್ರೀಂ ಕೋರ್ಟಿನ ತನಕ ಹೋದದ್ದಿದೆ. ಶಿವರಾಮ ಕಾರಂತರು ಹೊಸ ರೂಪದಲ್ಲಿ ಕಟ್ಟಿದ ಯಕ್ಷಗಾನ ಬ್ಯಾಲೆಯನ್ನು ಮಣಿಪಾಲದ ಸಂಸ್ಥೆಯೊಂದು 2001ರಲ್ಲಿ ದೆಹಲಿಯಲ್ಲಿ ಪ್ರದರ್ಶಿಸಿತು. ಕಾರಂತರ ವಿಲ್ ಮೂಲಕ ಹಕ್ಕು ಪಡೆದವರು ಕೋರ್ಟಿಗೆ ಹೋದರು. 2009ರಲ್ಲಿ ಸುಪ್ರೀಂ ಕೋರ್ಟ್ ಅವರ ಹಕ್ಕನ್ನು ಒಪ್ಪಿತು. ಹಾಗೆಯೇ 52ನೇ ಸೆಕ್ಷನ್‌ನ ವಿನಾಯಿತಿ ಇರುವ ಕಡೆ ತಡೆಯಾಜ್ಞೆ ಅಡ್ಡ ಬರಬಾರದು ಅಂತ ಆದೇಶವನ್ನು ತಿದ್ದಿತು.

ಊರಲ್ಲಿ ಓಡಾಡುವ ಕೆಲವು ಮಾತುಗಳಿಗೆ ಕಾನೂನಿನಲ್ಲಿ ಜಾಗವೇ ಇಲ್ಲ. "30 ಸೆಕೆಂಡಿನ ತನಕ ಹಾಕಬಹುದು", "ಕೃಪೆ ಅಂತ ಹೆಸರು ಹಾಕಿದರೆ ಸಾಕು", "ನಾನು ಫಾರ್ವರ್ಡ್ ಮಾಡಿದ್ದು ಮಾತ್ರ", ಇವು ಯಾವುವೂ ರಕ್ಷಣೆ ಅಲ್ಲ. ಟಾಕೀಸಿನಲ್ಲಿ ಸಿನಿಮಾ ನೋಡುತ್ತಾ ಸ್ಟೇಟಸ್‌ಗೆ ಅಂತ ರೆಕಾರ್ಡ್ ಮಾಡುವುದು ಇನ್ನೂ ಅಪಾಯ. 2023ರಲ್ಲಿ ತಿದ್ದಿದ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಅದಕ್ಕೆ ಕನಿಷ್ಠ 3 ತಿಂಗಳ ಸೆರೆ ಮತ್ತು 3 ಲಕ್ಷ ರೂಪಾಯಿ ದಂಡ.

ನೋಟಿಸ್ ಬಂದ ದಿನ

ಮೊದಲು ಪತ್ರವನ್ನು ಹಾಗೇ ಉಳಿಸಿ, ಮೇಲ್ ಆದರೆ ಪೂರ್ತಿ ಮೇಲ್. ನಿಮ್ಮ ಮೂಲ ಕಡತ, ಹಾಕಿದ ದಿನಾಂಕ, ಅನುಮತಿ ಕೊಟ್ಟವರ ಜೊತೆ ಆದ ಮಾತಿನ ದಾಖಲೆ ಒಂದೆಡೆ ಸೇರಿಸಿ. ಕೋಪದಲ್ಲಿ ಉತ್ತರ ಬರೆಯಬೇಡಿ, ಹೆದರಿ ಹಣವನ್ನೂ ಕಳಿಸಬೇಡಿ. "ಗೊತ್ತಾಗದೆ ತಪ್ಪಾಯಿತು, ಕ್ಷಮಿಸಿ" ಅಂತ ಅವಸರದಲ್ಲಿ ಬರೆದ ಒಂದು ಸಾಲನ್ನು ತಪ್ಪೊಪ್ಪಿಗೆ ಅಂತ ಮುಂದೆ ತೋರಿಸಬಹುದು. ವಕೀಲರ ಹೆಸರಿನ ನೋಟಿಸ್ ಅಥವಾ ಕೋರ್ಟಿನ ಸಮನ್ಸ್ ಆದರೆ ನೀವೂ ವಕೀಲರನ್ನು ಕಾಣಲೇಬೇಕು. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಆದಾಯ ಕಡಿಮೆ ಇರುವವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ನೆರವು ಸಿಗುತ್ತದೆ. 15100ಕ್ಕೆ ಕರೆ ಮಾಡಿ ಕೇಳಬಹುದು.

ಅಳಿಯನ ವಿಷಯಕ್ಕೆ ಬರುತ್ತೇನೆ. ಅಂದು ಸಂಜೆ ಅವನ ಮನೆಯ ಜಗಲಿಯಲ್ಲಿ ಕೂತು ಎರಡೂ ವಿಡಿಯೊಗಳನ್ನು ಅಕ್ಕಪಕ್ಕ ಇಟ್ಟು ನೋಡಿದೆವು. ಸುಮಾರು ಹೊತ್ತು ಏನೂ ಕಾಣಲಿಲ್ಲ. ಅದೇ ಪದ, ಅದೇ ಕುಣಿತ. ಆಮೇಲೆ ಅವನೇ ಕಂಡುಹಿಡಿದ. ಅವನ ವಿಡಿಯೊದ ಎಡ ಮೂಲೆಯಲ್ಲಿ, ರಂಗಸ್ಥಳದ ಬದಿಯಲ್ಲಿ, ಇನ್ನೊಂದು ಕ್ಯಾಮರಾದ ಸ್ಟ್ಯಾಂಡ್ ನಿಂತಿತ್ತು. ದೂರು ಕೊಟ್ಟವರ ಕ್ಯಾಮರಾ ಅದೇ ಜಾಗದಲ್ಲಿತ್ತು ಅಂತ ಅವರ ವಿಡಿಯೊದ ಕೋನ ನೋಡಿದರೆ ತಿಳಿಯುತ್ತಿತ್ತು. ಅವರ ಕ್ಯಾಮರಾವನ್ನೇ ತೋರಿಸುವ ವಿಡಿಯೊ ಅವರ ವಿಡಿಯೊದ ನಕಲು ಆಗುವುದು ಹೇಗೆ?

ಮೂಲ ಕಡತ ಫೋನಿನಲ್ಲೇ ಇತ್ತು. ಅಕ್ಕನ ಮಾತು ಕೇಳಿ ಅಳಿಸಿದ್ದರೆ ಈ ಮೂಲೆಯೂ ಹೋಗುತ್ತಿತ್ತು. ಅದರ ಹ್ಯಾಶ್ ತೆಗೆದೆವು. ಮೂಲೆಯ ಸ್ಟ್ಯಾಂಡ್ ಕಾಣುವ ನಿಮಿಷ ಸೆಕೆಂಡ್ ಬರೆದು ಪ್ರತಿ ನೋಟಿಸ್ ಕಳಿಸಿದ. ಹಣ ಕೇಳಿದ ಮೇಲ್‌ಗೆ ವಕೀಲರ ಮೂಲಕ ನಾಲ್ಕು ಸಾಲಿನ ಉತ್ತರ ಹೋಯಿತು. ಅವರು ಕೋರ್ಟಿಗೆ ಹೋಗಲಿಲ್ಲ. ಗಡುವು ಮುಗಿದ ಮೇಲೆ ವಿಡಿಯೊ ವಾಪಸ್ ಬಂತು.

ಒಂದು ವಿಷಯ ಮಾತ್ರ ನನ್ನ ಮನಸ್ಸಿನಲ್ಲಿ ಕೊರೆಯುತ್ತಿತ್ತು. ಮೇಳದ ಮ್ಯಾನೇಜರು ಬಾಯಿಮಾತಿನಲ್ಲಿ "ಹಾಕಿ, ತೊಂದರೆ ಇಲ್ಲ" ಅಂದಿದ್ದರು. ಬರವಣಿಗೆಯಲ್ಲಿ ಏನೂ ಇರಲಿಲ್ಲ. ದೂರು ಕಲಾವಿದರ ಕಡೆಯಿಂದ ಬಂದಿದ್ದರೆ ಹುಡುಗನ ಹತ್ತಿರ ತೋರಿಸಲು ಕಾಗದ ಇರಲಿಲ್ಲ.

ಆ ವರ್ಷದ ಆಟಗಳು ಮುಗಿಯುವ ಪತ್ತನಾಜೆಯ ಮೊದಲು ಇನ್ನೊಂದು ಆಟಕ್ಕೆ ಹೋಗುವಾಗ ಅವನು ಒಂದು ಹಾಳೆ ಬರೆದುಕೊಂಡು ಹೋದ. ಇಂಥ ದಿನ, ಇಂಥ ಜಾಗದ, ಇಂಥ ಪ್ರಸಂಗದ ಆಟವನ್ನು ರೆಕಾರ್ಡ್ ಮಾಡಿ ಇಂಥ ಚಾನೆಲಿನಲ್ಲಿ ಹಾಕಲು ಒಪ್ಪಿಗೆ ಇದೆ, ಹಣ ಬಂದರೆ ಇಷ್ಟು ಪಾಲು ಮೇಳಕ್ಕೆ, ಈ ಒಪ್ಪಿಗೆ ಇಷ್ಟು ವರ್ಷಕ್ಕೆ. ಕೆಳಗೆ ಸಹಿಗಳಿಗೆ ಜಾಗ. ವೇಷ ಕಟ್ಟುವ ಚೌಕಿಯಲ್ಲಿ ಭಾಗವತರು ಕನ್ನಡಕ ಹಾಕಿ ಎರಡು ಸಲ ಓದಿದರು. "ಇಷ್ಟು ವರ್ಷದಲ್ಲಿ ನನ್ನನ್ನು ಕೇಳಿ ರೆಕಾರ್ಡ್ ಮಾಡಿದವನು ನೀನೇ ಮೊದಲು ಮಗಾ" ಅಂತ ಹೇಳಿ ಸಹಿ ಹಾಕಿದರು. ಬಣ್ಣ ಹಚ್ಚುತ್ತಿದ್ದ ವೇಷಧಾರಿಯೊಬ್ಬರ ಬೆರಳಿನ ಕೆಂಪು ಆ ಹಾಳೆಯ ಅಂಚಿಗೆ ತಾಗಿದೆ. ಅದನ್ನು ಈಗ ಪ್ಲಾಸ್ಟಿಕ್ ಕವರಿಗೆ ಹಾಕಿ ಹಾರ್ಡ್ ಡಿಸ್ಕಿನ ಜೊತೆಯಲ್ಲೇ ಇಟ್ಟಿದ್ದಾನೆ.